ಮೇಲ್ದವಡೆಯ ಎರಡು ಹಲ್ಲು

"ನಮ್ಮ ಸೊಸೆ ಕದ್ದಿಲ್ಲಮ್ಮ! ಹೆಂಗಾದ್ರೂ ಮಾಡಿ ಉಳಿಸ್ಕೊಡು!"

ಬೆಳ್ಳಂಬೆಳಗ್ಗೆ ಜ್ವಿಡ್ಜಾಯಿ ಏದುಸಿರು ಬಿಡುತ್ತ ಬಂದು ಅಂಗಳದಲ್ಲಿ ಕುಸಿದ. ಮುಫಾರೊ ಗಂಜಿಯ ಬಟ್ಟಲು ಕೆಳಗಿಟ್ಟ. ಇನ್ನು ತಿಂಡಿ ಆದಂತೆಯೇ! ಅವನ ಹೆಂಡತಿ ಸೆಕೆಸಾಯಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಊರಿನ ಒಗಟುಗಳೆಲ್ಲ ಅವಳ ಪಾಲು, ಅವಳ ಹಿಂದೆ ಓಡುವುದು ಇವನ ಪಾಲು.

ಜ್ವಿಡ್ಜಾಯಿಯ ಹೆಂಡತಿ ಮಾರ್ವೆಯಿಗೆ ಮಗಳ ಮದುವೆಯಲ್ಲಿ ಬಂದ ಮೇಕೆಯ ಮರಿ ಕಾಣೆಯಾಗಿತ್ತು. ಮದುಮಗಳ ತಾಯಿಗೆಂದು ಕೊಟ್ಟ ಮೇಕೆಯ ಆ ತಳಿಯನ್ನು ಅಲ್ಲಿನ ಕಟ್ಟಳೆಯಂತೆ ಯಾರೂ ಕೊಲ್ಲುವಂತಿಲ್ಲ. ಹೊಸ ಸೊಸೆ ನ್ಯಾರಡ್ಜಾಯಿಯ ಅಡುಗೆ ಗುಡಿಸಲ ಹಿಂದೆ, ಬೂದಿಯಲ್ಲಿ ಮೂಳೆಗಳು ಸಿಕ್ಕಿ, ಕಳ್ಳತನ ಅವಳ ತಲೆಗೆ ಬಂದಿತ್ತು.

ದಾರಿಯಲ್ಲಿ ಮುಫಾರೊಗೆ ಆ ಸೊಸೆಯ ಮದುವೆಯೂಟ ನೆನಪಾಯಿತು. ಬಂಡೆಗಳ ಸಂದಿಯಲ್ಲಿ ವಾಸಿಸುವ, ಮೊಲದಂತಿರುವ ಹೈರಾಕ್ಸ್‌ನ ಸಾರು ಬಡಿಸಿದಾಗ ಸೆಕೆಸಾಯಿ, "ರೂಪ ನೋಡಿ ನೆಂಟಸ್ತಿಕೆ ಹೇಳ್ಬೇಡಿ. ಮೂಳೆ, ರಕ್ತ ನೋಡಿದ್ರೆ ಇದು ಆನೆಯ ದಾಯಾದಿ, ಇಬ್ರಿಗೂ ಮೂಲಪುರುಷ ಒಬ್ನೇ," ಅಂದಿದ್ದಳು. ಆನೆಯೇ ಕುಲಚಿಹ್ನೆಯಾದ್ದರಿಂದ ಅದರ ಮಾಂಸ ತಿನ್ನಬಾರದ ಜ್ವಿಡ್ಜಾಯಿ ತಟ್ಟೆ ಸರಿಸಿ, ಇನ್ನು ಮುಟ್ಟೆನೆಂದು ಊರೆದುರೇ ಆಣೆ ಇಟ್ಟಿದ್ದ.

ನ್ಯಾರಡ್ಜಾಯಿ ತವರಿಗೆ ಹೊರಡಲು ಗಂಟುಮೂಟೆ ಹಿಡಿದು ನಿಂತಿದ್ದಳು. "ಬಾಯಿ ಬಿಡೇ!" ಎಂದು ಮಾರ್ವೆಯಿ ಗದರಿದರೆ, ಅವಳು ಮಾವನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಮನೆಯ ನಾಯಿಯ ಮೂತಿಯ ಮೇಲೆ ಹೊಸ ಗಾಯವಿತ್ತು. ಸೆಕೆಸಾಯಿ ಬೂದಿ ಕೆದಕಿ ಒಂದು ದವಡೆ ತೆಗೆದಳು, ಮುಫಾರೊನ ಕಿವಿಯಲ್ಲಿ ಏನೋ ಹೇಳಿ ಬಂಡೆಗಳತ್ತ ಕಳಿಸಿದಳು.

ಅವನು ಅರಚುವ ಮರಿಯನ್ನು ಹೊತ್ತು ತಂದಾಗ ಎಲ್ಲರೂ ಮರದಡಿ ಸೇರಿದ್ದರು.

"ಮೇಕೆಗೆ ಮೇಲ್ದವಡೇಲಿ ಮುಂದಿನ ಹಲ್ಲೇ ಇರಲ್ಲ," ಎಂದಳು ಸೆಕೆಸಾಯಿ. "ಇಲ್ನೋಡಿ, ಪುಟ್ಟ ದಂತದ ಹಾಗೆ ಎರಡು! ಇದು ಹೈರಾಕ್ಸ್. ನಾಯಿಗೆ ಕಚ್ಚಿದ್ದೂ ಇದೇ. ನಾಯಿ ಕರ್ಕೊಂಡು ಬೇಟೆಗೆ ಹೋದೋರು ದೊಡ್ಡಿ ಬಾಗಿಲು ಹಾಕಲಿಲ್ಲ, ಮರಿ ಅವರ ಹಿಂದೇನೇ ಬಂಡೆಗಳತ್ತ ಹೋಗಿದೆ."

"ಊರೆಲ್ಲ ತಿನ್ನೋದನ್ನ ಕದ್ದು ತಿನ್ನೋದ್ಯಾಕೆ?" ಎಂದ ಮುಫಾರೊ.

"ಅದೇ ಕಣ್ರೀ! ಕದ್ದು ತಿನ್ನಬೇಕಾದವರು ಊರಲ್ಲಿ ಒಬ್ರೇ. ಸೊಸೆ ಕದ್ದಿಲ್ಲ ಅಂತ ಖಚಿತವಾಗಿ ಗೊತ್ತಿದ್ದವರೂ ಒಬ್ರೇ."

ಜ್ವಿಡ್ಜಾಯಿ ಮುಖ ಮುಚ್ಚಿಕೊಂಡ. "ಆಸೆ ತಡೀಲಿಲ್ಲಮ್ಮ. ಹೆಂಡತಿ ಚರ್ಚಿಗೆ ಹೋದಾಗ ಸೊಸೆ ಗುಡಿಸಲ ಹಿಂದೆ ಬೇಯಿಸ್ಕೊಂಡೆ. ನೀನು ನೋಡಿದ್ಯಲ್ಲ ಮಗಳೇ, ಹೇಳಬಾರ್ದಿತ್ತಾ?"

"ಆಣೆ ಮುರಿದ್ರಿ ಅಂತ ಊರು ನಗ್ತಿತ್ತಲ್ಲ ಮಾವ."

ಮಾರ್ವೆಯಿ ಸೊಸೆಯ ಕೈಯಿಂದ ಗಂಟು ಕಸಿದು, ಒಳಗಿದ್ದ ಬಟ್ಟೆಗಳನ್ನೆಲ್ಲ ಬಿಡಿಸಿ ಮತ್ತೆ ಹಗ್ಗಕ್ಕೆ ಹಾಕಿದಳು. ಅವಳ ಕಣ್ಣು ತುಂಬಿತ್ತು.

"ಹೋಗ್ಲಿ ಬಿಡಣ್ಣ," ಎಂದಳು ಸೆಕೆಸಾಯಿ. "ಕೋಟ್ಯಂತರ ವರ್ಷದ ಹಿಂದಿನ ನೆಂಟಸ್ತಿಕೆ ಅದು. ಇನ್ಮೇಲೆ ಧಾರಾಳವಾಗಿ ತಿನ್ನು."

"ಬೇಡ ತಾಯಿ," ಎಂದು ಜ್ವಿಡ್ಜಾಯಿ ಸೊಸೆಯ ತಲೆ ಸವರಿದ. "ಅಷ್ಟು ದೂರದ ನೆಂಟನ ದೆಸೆಯಿಂದ ಮನೆಮಗಳನ್ನೇ ಕಳ್ಕೊಳ್ತಿದ್ದೆನಲ್ಲ!"