ಐದು ಕಾರು ನಿಂತ ಏರು

೧೯೬೬ನೇ ಇಸವಿ ಫೆಬ್ರವರಿ ಆರನೇ ತಾರೀಕು, ಭಾನುವಾರ ಸಂಜೆ ಐದೂವರೆಯ ಹೊತ್ತಿಗೆ ಹೊಸನಗರ ಪೊಲೀಸ್ ಠಾಣೆಯ ಮುಂದೆ ದಿಮ್ಮಿ ತುಂಬಿದ ಲಾರಿಯೊಂದು ನಿಂತಿತು. ಕ್ಲೀನರ್ ಕೂರುವ ಜಾಗದಿಂದ ಕೋಟು ತೊಟ್ಟವರೊಬ್ಬರು ಇಳಿದರು. ಕೋಟಿನ ತುಂಬ ಕೆಂಪು ಧೂಳು. ಸಬ್ ಇನ್ಸ್‌ಪೆಕ್ಟರ್ ಸೀತಾರಾಮಪ್ಪನಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಸಾಗರದ ವಕೀಲ ಮಹಾಗಣಪತಿ. ಕೋರ್ಟಿನಲ್ಲಿ ಅವರ ಪಾಟೀಸವಾಲಿಗೆ ಸಿಕ್ಕಿ ಬೆವರಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ.

"ದೂರು ಬರ್ಕೊಳ್ಳಿ" ಎಂದರು ವಕೀಲರು, ಕೂರುವ ಮೊದಲೇ. "ನಮ್ಮನ್ನ ಕೊಲ್ಲೋಕೆ ನೋಡಿದಾರೆ."

"ಯಾರು?"

"ಅದನ್ನ ಕಂಡುಹಿಡೀಲಿ ಅಂತಲೇ ಸರ್ಕಾರ ನಿಮಗೆ ಟೋಪಿ ಕೊಟ್ಟಿರೋದು."

ಸೀತಾರಾಮಪ್ಪ ಪೆನ್ನಿನ ಮುಚ್ಚಳ ತೆಗೆದ.

ಸಾಗರದಲ್ಲಿ ಹಳೇ ಮೋಟಾರು ಮಿತ್ರರ ಸಂಘ ಎಂಬುದೊಂದಿತ್ತು. ಯುದ್ಧಕ್ಕೂ ಮುಂಚಿನ ಕಾರುಗಳನ್ನು ಉಜ್ಜಿ ಹೊಳಪಿಟ್ಟುಕೊಂಡವರು ಸೇರಿ ಕಟ್ಟಿದ್ದು. ಅಕ್ಕಿ ಗಿರಣಿ ಮಂಜುನಾಥಪ್ಪ ಅಧ್ಯಕ್ಷರು, ಮಹಾಗಣಪತಿ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳ ಸಮೇತ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ವಿಹಾರ, ಮೊದಲು ಮುಟ್ಟಿದ ಕಾರಿಗೆ ಶೀಲ್ಡ್. ಹೋದ ವರ್ಷ ಮೊದಲನೆಯದು, ಈ ಸಲದ್ದು ಎರಡನೆಯದು. ದಾರಿಯಲ್ಲಿ ಕಲ್ಲುಕೊಪ್ಪದ ನಾಗರಾಜಪ್ಪ ತಮ್ಮ ಆಲೆಮನೆಗೆ ಕರೆದಿದ್ದರು. ಕಬ್ಬಿನ ಹಾಲು ಕುಡಿದು, ಹೆಂಗಸರಿಗೆ ನಿಂಬೆಹಣ್ಣು ಚಮಚದ ಓಟ ಇಟ್ಟು, ಊಟ ಮುಗಿಸಿ ಆರು ಕಾರು ಹೊರಟವು. ಕಲ್ಲುಕೊಪ್ಪ ದಾಟಿದ ಮೇಲಿನ ಏರಿನಲ್ಲಿ ಒಂದರ ಹಿಂದೆ ಒಂದು ಐದು ಕಾರು ಕೆಮ್ಮಿ ನಿಂತವು. ಮಂಜುನಾಥಪ್ಪನವರ ಫೋರ್ಡ್ ಹಿಂದಕ್ಕೆ ಉರುಳಿತು. ಬ್ರೇಕು ಹಿಡಿಯಲಿಲ್ಲ. ಅವರು ಹಾರಿಕೊಂಡರು, ಕಾಲು ಚಕ್ರಕ್ಕೆ ಸಿಕ್ಕಿತು. ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ ವನಮಾಲಾ ಕಾರಿನ ಸಮೇತ ಚರಂಡಿಗೆ ಇಳಿದು, ಪುಣ್ಯಕ್ಕೆ ತರಚು ಗಾಯದಲ್ಲಿ ಪಾರಾದರು. ದಾರಿಯಲ್ಲಿ ಬಂದ ಎತ್ತಿನಗಾಡಿಯೊಂದು ಗಂಡ ಹೆಂಡಿರನ್ನು ತೀರ್ಥಹಳ್ಳಿ ಆಸ್ಪತ್ರೆಗೆ ಒಯ್ದಿತ್ತು.

"ಐದೂ ಒಟ್ಟಿಗೆ ತಾವಾಗಿ ಕೆಡೋದಿಲ್ಲ" ಎಂದರು ವಕೀಲರು.

"ಆರನೇದು?"

"ಅದು ಜಯಪ್ಪಂದು. ಅದಕ್ಕೇನೂ ಆಗಿಲ್ಲ. ನೆಟ್ಟಗೆ ತೀರ್ಥಹಳ್ಳಿ ಮುಟ್ಟಿ ಶೀಲ್ಡ್ ಹೊಡ್ಕೊಂಡಿರ್ತಾನೆ." ವಕೀಲರು ಮಾತು ಅಲ್ಲಿಗೇ ಬಿಟ್ಟರು. ಬಿಟ್ಟ ರೀತಿಯಲ್ಲೇ ಹೇಳಬೇಕಾದ್ದನ್ನು ಹೇಳಿದ್ದರು.

ಆಸ್ತಿಗೆ ನಷ್ಟ, ಪ್ರಾಣಕ್ಕೆ ಅಪಾಯವಾಗುವಂತೆ ನಡೆದು ತೀವ್ರ ಗಾಯ: ಐಪಿಸಿ ೪೨೭ ಮತ್ತು ೩೩೮ರಡಿ ಎಫ್‌ಐಆರ್ ದಾಖಲಾಯಿತು.

ಸೋಮವಾರ ಬೆಳಿಗ್ಗೆ ಸೀತಾರಾಮಪ್ಪ ಕಾನ್ಸ್‌ಟೇಬಲ್ ಶೇಷಪ್ಪನನ್ನು ಕರೆದುಕೊಂಡು ಏರಿಗೆ ಹೋದ. ಬಿಸಿಲಿಗೆ ನಾಲ್ಕು ಕಾರು ಸಾಲಾಗಿ ನಿಂತಿದ್ದವು, ದಣಿದ ಎತ್ತುಗಳ ಹಾಗೆ; ಫೋರ್ಡ್ ಚರಂಡಿಯಲ್ಲಿತ್ತು. ರಿಪ್ಪನ್‌ಪೇಟೆಯಿಂದ ಬಂದ ಮೆಕ್ಯಾನಿಕ್ಕು ಪಂಚರ ಎದುರು ಮೊದಲ ಕಾರಿನ ಟ್ಯಾಂಕು ಬಿಚ್ಚಿ ಬಸಿದ. ಪೆಟ್ರೋಲು ಇಳಿದು ಮುಗಿದ ಮೇಲೆ ಕಂದು ಬಣ್ಣದ ಮಂದ ರಸ ಎಳೆಯಾಗಿ ಜಾರಿತು. ಶೇಷಪ್ಪ ಬೆರಳು ಅದ್ದಿ ಮೂಸಿದ.

"ಜೋನಿ ಬೆಲ್ಲ ಸಾರ್."

ಉಳಿದ ನಾಲ್ಕರಲ್ಲೂ ಅದೇ. ಸ್ಯಾಂಪಲ್ಲು ಬಾಟಲಿಗೆ ತುಂಬಿ, ಅರಗು ಹಾಕಿ, ಪಂಚನಾಮೆ ಬರೆದು ಪಂಚರ ರುಜು ತೆಗೆದುಕೊಂಡರು. ಕಾರುಗಳು ಆಲೆಮನೆಯ ಎದುರಿನ ಮಾವಿನ ಮರದಡಿ ನಿಂತಾಗಲೇ ಕೆಲಸ ಆಗಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಆಳುಗಳು ಹತ್ತು ಹನ್ನೆರಡು ಮಂದಿ. ಯಾರೂ ಏನೂ ಕಂಡಿರಲಿಲ್ಲ.

"ಕಾರ್ ಹತ್ರ ಯಾರು ಹೋಗಿದ್ರು?"

"ನಾವು ಬೆಂಕಿ ಮುಂದಿದ್ವಿ ಸ್ವಾಮಿ."

"ಎಲ್ರೂ?"

"ಎಲ್ರೂ."

ಮಾಲೀಕ ನಾಗರಾಜಪ್ಪ ಕೈ ಹಿಸುಕಿಕೊಂಡರು. "ಮನೆಗೆ ಕರೆದು ಮರ್ಯಾದೆ ಹೋಯ್ತು. ನಮ್ಮ ಆಳುಗಳಿಗೂ ಆ ಕಾರಿಗೂ ಎಲ್ಲಿಯ ಸಂಬಂಧ ಇನ್ಸ್‌ಪೆಕ್ಟ್ರೇ? ಇದು ಅವರವರ ಒಳಗಿನ ಜಗಳ."

ಆ ಮಧ್ಯಾಹ್ನ ಸೀತಾರಾಮಪ್ಪ ಸಾಗರಕ್ಕೆ ಹೋಗಿ ಜಯಪ್ಪನನ್ನು ಅವನ ಸೋಡಾ ಫ್ಯಾಕ್ಟರಿಯಲ್ಲೇ ಹಿಡಿದ. ಗೇಣಿ ಮಾಡಿಕೊಂಡಿದ್ದವರ ಮನೆಯ ಮಗ. ಯಾವುದೋ ಎಸ್ಟೇಟಿನಲ್ಲಿ ಕೋಳಿ ಗೂಡಾಗಿದ್ದ ಪುಟ್ಟ ಆಸ್ಟಿನ್ ಕಾರನ್ನು ತಂದು ರಿಪೇರಿ ಮಾಡಿಕೊಂಡಿದ್ದ. ಮೇಜಿನ ಮೇಲೆ ಶೀಲ್ಡು ಇತ್ತು. ಅದನ್ನು ಮುಚ್ಚಿಡುವ ಗೋಜಿಗೇ ಅವನು ಹೋಗಿರಲಿಲ್ಲ.

"ಐದು ಕಾರಿನ ಟ್ಯಾಂಕಿಗೆ ಬೆಲ್ಲ ಬಿದ್ದಿದೆ. ನಿನ್ನ ಕಾರಿಗೆ ಮಾತ್ರ ಯಾಕೆ ಏನೂ ಆಗ್ಲಿಲ್ಲ?"

"ಗೊತ್ತಿಲ್ಲ."

"ಗೆದ್ದವನು ನೀನು."

"ಹೌದು. ಗೆಲ್ಲೋಕೆ ನಂಗೆ ಬೆಲ್ಲ ಬೇಕಿಲ್ಲ ಸಾರ್. ಬೆಟ್ಟ ಹತ್ತೋಕೆ ನನ್ ಗಾಡಿ ಸಾಕು." ಜಯಪ್ಪ ದನಿ ಏರಿಸಲಿಲ್ಲ. "ನಾನು ಸಂಘಕ್ಕೆ ಸೇರಿದ್ದೇ ಅವ್ರಿಗೆ ಸರಿಬಂದಿಲ್ಲ. ಊಟಕ್ಕೆ ಕೂತಾಗ ನನ್ನೆಲೆ ಕೊನೇಲಿ ಹಾಕಿದ್ರು. ಆದ್ರೂ ಮುಂದಿನ ವರ್ಷನೂ ಹೋಗ್ತೀನಿ, ಅದರ ಮುಂದಿನ ವರ್ಷನೂ ಹೋಗ್ತೀನಿ. ಟ್ಯಾಂಕಿಗೆ ಬೆಲ್ಲ ಹಾಕಿದ್ರೆ ಸಂಘವೇ ಮುಚ್ಚಿಹೋಗ್ತದೆ. ಆಮೇಲೆ ನಾನು ಯಾರ ಎದುರಿಗೆ ಓಡಿಸ್ಲಿ?"

ಸೀತಾರಾಮಪ್ಪನಿಗೆ ನಗು ಬಂತು, ತಡೆದುಕೊಂಡ.

"ಸೇರಿದ್ದು ಯಾವಾಗ?"

"ದೀಪಾವಳಿ ಹೊತ್ತಿಗೆ. ಹೋದ ವರ್ಷದ ವಿಹಾರಕ್ಕೆ ಹೋಗಿದ್ದು ಆ ಐದೇ ಕಾರು."

ಜೀಪು ಹತ್ತಿದ ಮೇಲೂ ಸೀತಾರಾಮಪ್ಪನ ತಲೆಯಲ್ಲಿ ಆ ಮಾತೇ ಕೂತಿತ್ತು. ಆರು ಕಾರು ಒಂದೇ ಮರದಡಿ ನಿಂತಿದ್ದವು. ಬೆಲ್ಲ ಹಾಕಿದ ಕೈ ಐದನ್ನು ಆರಿಸಿ ಒಂದನ್ನು ಬಿಟ್ಟಿತ್ತು. ಬಿಟ್ಟಿದ್ದು ಜಯಪ್ಪನ ಮೇಲಿನ ಪ್ರೀತಿಗಲ್ಲ. ಹೋದ ವರ್ಷ ಆ ಕಾರು ಬಂದಿರಲಿಲ್ಲ ಎಂಬುದಕ್ಕೆ. ಹಾಗಾದರೆ ಹೋದ ವರ್ಷ ಆ ದಾರಿಯಲ್ಲಿ ಏನಾಗಿತ್ತು?

ಮಂಗಳವಾರ ಅದನ್ನೇ ಕೇಳಲು ಅವನು ಶೇಷಪ್ಪನೊಡನೆ ತೀರ್ಥಹಳ್ಳಿ ಆಸ್ಪತ್ರೆಗೆ ಹೋದ. ಮಂಜುನಾಥಪ್ಪ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದರು. ವನಮಾಲಾ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

"ಹೋದ ವರ್ಷ ಯಾರ ಜತೆಗಾದ್ರೂ ಜಗಳ?"

"ಇಲ್ಲ."

"ಯಾರಿಗಾದ್ರೂ ಕಾರು ತಾಗಿತ್ತಾ?"

"ಇಲ್ಲ ರೀ. ಎಲ್ಲೂ ನಿಲ್ಲಿಸ್ಲೇ ಇಲ್ಲ ನಾವು. ಹೊಸನಗರ ಬಿಟ್ರೆ ತೀರ್ಥಹಳ್ಳಿ ತನಕ ಯಾರೂ ನಿಲ್ಲಿಸಬಾರದು, ನಿಲ್ಲಿಸಿದವರಿಗೆ ಶೀಲ್ಡ್ ಇಲ್ಲ ಅಂತ ಆಗ ನಿಯಮ ಮಾಡಿದ್ವಿ. ಜನ ರಸ್ತೆಗೆ ಬಂದು ಬಂದು ನೋಡ್ತಿದ್ರು, ಕೈ ಬೀಸ್ತಿದ್ರು."

"ಕಲ್ಲುಕೊಪ್ಪದ ತಿರುವಲ್ಲಿ ಒಬ್ಬಳಿದ್ಲು" ಎಂದರು ವನಮಾಲಾ.

"ವನಮಾಲಾ, ಸುಮ್ಮನಿರು."

"ಇದ್ದೆನಲ್ಲ, ಒಂದು ವರ್ಷ." ಅವರು ಸ್ಟೂಲಿನಿಂದ ಎದ್ದು ಕಿಟಕಿಯ ಬಳಿ ಹೋದರು. "ರಸ್ತೆ ಮಧ್ಯಕ್ಕೆ ಬಂದು ಕೆಂಪು ವಸ್ತ್ರ ಬೀಸ್ತಿದ್ಲು. ನಮ್ಮನ್ನ ಸ್ವಾಗತ ಮಾಡೋಕೆ ನಿಂತಿದಾಳೆ ಅಂದ್ರು ಇವರು. ಹಾರನ್ ಹೊಡೆದ್ರು, ಕೈ ಬೀಸಿದ್ರು. ನಾನೂ ಬೀಸಿದೆ. ಹಿಂದಿನ ಕಾರಿನವರೂ ಬೀಸಿದ್ರು. ದಾಟಿದ ಮೇಲೆ ತಿರುಗಿ ನೋಡಿದೆ. ವಸ್ತ್ರದ ಒಂದು ತುದಿ ಬೆಳ್ಳಗಿತ್ತು. ಗಾಡಿ ನಿಲ್ಸಿ ಅಂದೆ. ಸಂಘದ ಅಧ್ಯಕ್ಷನೇ ನಿಯಮ ಮುರೀಲಾ ಅಂದ್ರು."

ಮಂಜುನಾಥಪ್ಪ ಗೋಡೆಯ ಕಡೆ ಮುಖ ಮಾಡಿದರು.

"ಬರ್ಕೊಳ್ಳಿ ಇನ್ಸ್‌ಪೆಕ್ಟ್ರೇ" ಎಂದರು ವನಮಾಲಾ. "ಕೋರ್ಟಿಗೆ ಕರೆದ್ರೂ ಬರ್ತೀನಿ."

ಜೀಪು ತುಂಗಾ ಸೇತುವೆ ದಾಟಿತು. ಶೇಷಪ್ಪ ಹೇಳಿದ: "ಸಾರ್, ನೀವು ಆಗ ಇಲ್ಲಿಗೆ ಬಂದಿರಲಿಲ್ಲ. ಆವತ್ತೇ ಕಲ್ಲುಕೊಪ್ಪದಲ್ಲಿ ಒಬ್ಬ ಸತ್ತಿದ್ದ. ಭೂತಪ್ಪ ಅಂತ. ಕಬ್ಬು ಕೊಡೋವಾಗ ಗಾಣಕ್ಕೆ ಕೈ ಸಿಕ್ಕಿ ಮೊಣಕೈವರೆಗೂ ಹೋಗಿತ್ತು. ಹೆಣದ ಮಹಜರಿಗೆ ನಾನೇ ಹೋಗಿದ್ದೆ. ರಕ್ತ ಹೋಗಿ ಹೋಗಿ ಸತ್ತ. ರಸ್ತೆ ಬದಿಯಲ್ಲೇ."

"ಹೆಂಡತಿ?"

"ಹೂವಮ್ಮ. ನಿನ್ನೆ ಕೊಪ್ಪರಿಗೆ ಮುಂದೆ ಸಟ್ಟುಗ ಹಿಡ್ಕೊಂಡು ನಿಂತಿದ್ಲಲ್ಲ, ಎತ್ತರದ ಹೆಂಗಸು. ಅವಳೇ."

ಅವರು ಹೋದಾಗ ಹೂವಮ್ಮ ಆಲೆಮನೆಯ ಹಿಂದೆ ಪಾತ್ರೆ ಬೆಳಗುತ್ತಿದ್ದಳು. ಜೀಪು ನೋಡಿ ಕೈ ತೊಳೆದುಕೊಂಡು ಎದ್ದಳು. ಓಡಲಿಲ್ಲ, ಸೆರಗು ಸರಿ ಮಾಡಲಿಲ್ಲ.

"ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ" ಎಂದಳು.

"ಕಾರಿಗೆ ಜೋನಿ ಹಾಕಿದ್ದು ಯಾರು?"

"ನಾನು."

"ಯಾವುದ್ರಲ್ಲಿ?"

"ತಂಬಿಗೇಲಿ. ಅವ್ರು ನಿಂಬೆಹಣ್ಣಿನ ಓಟ ನೋಡ್ತಾ ನಗ್ತಿದ್ರು. ಯಾರೂ ಈ ಕಡೆ ತಿರುಗ್ಲಿಲ್ಲ."

"ಹಾಕಿದ್ರೆ ಕೆಡ್ತದೆ ಅಂತ ಯಾರು ಹೇಳಿಕೊಟ್ರು?"

"ಹೇಳಿಕೊಡೋದೆಂತದು? ನಮ್ ಸಾಹುಕಾರ್ರ ನೀರಿನ ಎಂಜಿನ್ನಿಗೆ ಒಂದ್ಸಲ ಜೋನಿ ಬಿದ್ದು ವಾರಗಟ್ಲೆ ನಿಂತಿತ್ತು. ಊರಿಗೆಲ್ಲ ಗೊತ್ತು."

"ಒಂದು ಕಾರು ಯಾಕೆ ಬಿಟ್ಟೆ?"

"ಅದು ಆವತ್ತು ಬಂದಿರ್ಲಿಲ್ಲ. ಉಳಿದ ಐದೂ ಕಣ್ಣಲ್ಲೇ ಇದಾವೆ. ಮುಂದೆ ಹಸಿರುದು, ಅದರ ಹಿಂದೆ ಕಪ್ಪುದು. ಆವತ್ತು ಸಂತೆ, ಊರಲ್ಲಿ ಒಂದು ಗಾಡಿ ಇರ್ಲಿಲ್ಲ. ಇವ್ರನ್ನ ರಸ್ತೆ ಬದೀಲಿ ಮಲಗ್ಸಿ, ಇವ್ರ ಟವೆಲ್ಲೇ ಬೀಸಿದೆ. ಅದೆಲ್ಲ ರಕ್ತ. ಐದು ಕಾರಲ್ಲಿ ಒಬ್ಬನಿಗೂ ಅದು ಕಾಣ್ಲಿಲ್ಲ ಅಂತ ಹೇಳ್ತೀರಾ? ಟಾಟಾ ಮಾಡಿದ್ರು ಸ್ವಾಮಿ. ಟಾಟಾ."

ಶೇಷಪ್ಪ ನೆಲ ನೋಡುತ್ತಿದ್ದ.

"ಮಂಜುನಾಥಪ್ಪನವರು ಸಾಯ್ತಿದ್ರು, ಗೊತ್ತಾ?" ಎಂದ ಸೀತಾರಾಮಪ್ಪ. "ಕಾರಿನ ಒಳಗೆ ಹೆಂಗಸು ಬೇರೆ ಇದ್ರು."

ಹೂವಮ್ಮ ಮೊದಲ ಬಾರಿಗೆ ಉತ್ತರಕ್ಕೆ ತಡಮಾಡಿದಳು. "ಉರುಳ್ತದೆ ಅಂತ ಗೊತ್ತಿರ್ಲಿಲ್ಲ. ನಿಂತು ನಡೀಲಿ ಅಂತಿದ್ದೆ, ಆ ದಾರೀಲಿ ಒಂದು ದಿನ ನಡೀಲಿ ಅಂತ. ಅದು ನೋಡೋಕೇ ತಮ್ಮನ ಗಾಡಿ ಹೊಡ್ಕೊಂಡು ಹಿಂದೆ ಹೋದೆ. ಆ ಯಪ್ಪ ಕೂಗ್ತಾ ಬಿದ್ದಿದ್ದ. ಎತ್ತಿ ಹಾಕ್ಕೊಂಡು ಹೋದೆ."

"ಆಸ್ಪತ್ರೆಗೆ ಒಯ್ದಿದ್ದು ನೀನಾ?"

"ಮತ್ತೆ? ಬಿದ್ದವನನ್ನ ಬಿಟ್ಟು ಹೋಗೋಕೆ ನಾನೇನು ಅವ್ರ ಸಂಘದವಳಾ?"

ತಂಬಿಗೆಯನ್ನು ಅವಳೇ ತೋರಿಸಿದಳು. ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡು, ಅವಳನ್ನು ಠಾಣೆಗೆ ಕರೆತಂದರು. ಜತೆಯಲ್ಲಿ ಅವಳ ತಮ್ಮನೂ ಬಂದ. ಅಷ್ಟರಲ್ಲಿ ಸುದ್ದಿ ಮುಟ್ಟಿ, ಮಹಾಗಣಪತಿ ಬಾಡಿಗೆ ಕಾರಿನಲ್ಲಿ ಬಂದು ಜಗಲಿಯಲ್ಲಿ ಕಾಯುತ್ತಿದ್ದರು. ವನಮಾಲಾ ಹೇಳಿದ್ದೂ ಅವರ ಕಿವಿಗೆ ಬಿದ್ದಿತ್ತು.

"ರಾಜಿ ಮಾಡ್ಕೊಳ್ಳೋಣ" ಎಂದರು ವಕೀಲರು. ಭಾನುವಾರದ ದನಿ ಇಳಿದಿತ್ತು. "ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡ್ಲಿ. ನ್ಯಾಯಾಧೀಶರ ಒಪ್ಪಿಗೆ ತಗೊಂಡು ಮುಗಿಸ್ತೀನಿ. ಹೆಂಗಸು, ಗಂಡನ್ನ ಕಳ್ಕೊಂಡವಳು. ನಮಗೂ ಮನುಷ್ಯತ್ವ ಇದೆ."

ಸೀತಾರಾಮಪ್ಪ ಹೂವಮ್ಮನ ಕಡೆ ನೋಡಿದ.

"ಕಾಲು ಮುರಿದದ್ದಕ್ಕೆ ತಪ್ಪಾಯ್ತು. ಆ ಯಪ್ಪಂಗೆ ಗಾಡೀಲೇ ಹೇಳಿದೀನಿ, ನೋವಲ್ಲಿ ಅರ್ಥ ಆಯ್ತೋ ಇಲ್ವೋ" ಎಂದಳು ಅವಳು. "ಕಾರು ನಿಲ್ಸಿದ್ದಕ್ಕೆ ಹೇಳಲ್ಲ."

"ಜೈಲಿಗೆ ಹೋಗ್ತೀಯ."

"ಹೋಗ್ತೀನಿ."

ವಕೀಲರನ್ನು ಹೊರಗೆ ಕೂರಲು ಹೇಳಿ ಸೀತಾರಾಮಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಆರೋಪಿಗೂ ಹೇಳದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ: "ನೋಡಮ್ಮ, ಪೊಲೀಸರ ಮುಂದೆ ಒಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ. ನೀನು ಹಾಕಿದ್ದನ್ನ ಕಂಡವರಿಲ್ಲ. ತಂಬಿಗೆ ಎಲ್ಲರ ಮನೇಲೂ ಇರ್ತದೆ. ಅಲ್ಲಿ ಬಾಯಿ ಬಿಡದೆ ನಿಂತ್ರೆ ಕೇಸು ಬಿದ್ದೋಗ್ಬೋದು."

ಹೂವಮ್ಮ ಅವನನ್ನೇ ದಿಟ್ಟಿಸಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ತನ್ನ ಮಾತು ಇವನಿಗೆ ಇನ್ನೂ ಅರ್ಥವಾಗಿಲ್ಲವಲ್ಲ ಎಂಬ ಬೇಸರವಿತ್ತು.

"ನಾನು ಬಾಯಿ ಬಿಡದಿದ್ರೆ ನಾನು ಮಾಡಿಲ್ಲ ಅಂತ ಆಗ್ತದೆ. ಅಲ್ವಾ?"

"ಹೌದು."

"ಹಂಗಾದ್ರೆ ಅವ್ರೂ ಏನೂ ಮಾಡಿಲ್ಲ ಅಂತ ಆಗ್ತದೆ. ಜಡ್ಜ್ ಸಾಹೇಬ್ರು ಕೇಳ್ಲಿ. ಯಾಕೆ ಹಾಕಿದೆ ಅಂತ ಕೇಳೇ ಕೇಳ್ತಾರಲ್ಲ, ಆಗ ಹೇಳ್ತೀನಿ. ಅವ್ರೆಲ್ಲ ಅಲ್ಲಿ ಕೂತಿರ್ಬೇಕು."

ಸಂಜೆ ನಾಲ್ಕೂವರೆಗೆ ಆರೋಪಿಯನ್ನು ಬಂಧಿಸಿದ್ದಾಗಿ ದಾಖಲಾಯಿತು. ಜಾಮೀನಿಗೆ ಅವಳ ತಮ್ಮ ಸಹಿ ಹಾಕಿದ. ಹೊರಡುವಾಗ ಜಗಲಿಯಲ್ಲಿದ್ದ ವಕೀಲರು ಎದ್ದು ನಿಂತರು, ಏನೋ ಹೇಳಬೇಕೆನ್ನುವಂತೆ. ಹೂವಮ್ಮ ಅವರ ಮುಂದಿನಿಂದ ತಲೆ ಎತ್ತಿಕೊಂಡೇ ನಡೆದು ಮೆಟ್ಟಿಲಿಳಿದಳು. ಕಾಯುತ್ತಿದ್ದ ಬಾಡಿಗೆ ಕಾರಿನ ಡ್ರೈವರು ಅವಳಿಗೆ ದಾರಿ ಬಿಡಲು ಗಾಡಿ ಹಿಂದಕ್ಕೆ ತೆಗೆದ.

ದೋಷಾರೋಪಣ ಪಟ್ಟಿ ತಯಾರಾದಾಗ ಸರ್ಕಲ್ ಇನ್ಸ್‌ಪೆಕ್ಟರು ಒಂದೇ ಒಂದು ತಿದ್ದುಪಡಿ ಸೂಚಿಸಿದರು: ಕೃತ್ಯದ ಕಾರಣ ಎಂಬಲ್ಲಿ ಎಲ್ಲ ಕೇಸಿನಲ್ಲೂ ಬರೆಯುವಂತೆ 'ಪೂರ್ವದ್ವೇಷ' ಎಂದು ಬರೆದರೆ ಸಾಕು. ಸೀತಾರಾಮಪ್ಪ ಪಟ್ಟಿಯನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಓದಿದ. ದ್ವೇಷ ಇರಬೇಕಾದರೆ ಒಬ್ಬರಿಗೊಬ್ಬರ ಗುರುತಾದರೂ ಇರಬೇಕು. ಐದು ಕಾರಿನಲ್ಲಿದ್ದವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಅವರಿಗೆ ಒಂದು ನಿಮಿಷ ಸಾಕಿತ್ತು.

ತಿದ್ದುಪಡಿ ಮಾಡದೆ, ತಾನು ಮೊದಲು ಬರೆದದ್ದನ್ನೇ ಅವನು ಕೋರ್ಟಿಗೆ ಕಳಿಸಿದ: "ಆರೋಪಿಯ ಗಂಡನು ಗಾಯಗೊಂಡು ಬಿದ್ದಿದ್ದಾಗ ಆಕೆ ತಡೆದರೂ ಸದರಿ ಐದು ಕಾರುಗಳು ನಿಲ್ಲಲಿಲ್ಲ. ಆದ್ದರಿಂದ ಆಕೆ ನಿಲ್ಲಿಸಿದಳು."