ಭರಣಿಯಲ್ಲಿ ಬಂದ ಕಡಲು

"ಕೈ ತೆಗೆಯಿರಿ ಕಂಡಕ್ಟ್ರೇ."

ವಿಜ್ಞಾನದ ಟೀಚರ್ ಶಶಿಪ್ರಭಾಳ ದನಿಗೆ ಭೋಜ ಬೆಚ್ಚಿದ. ಮೂಡಬಿದ್ರೆ ಹೈಸ್ಕೂಲಿನ ವಿಜ್ಞಾನ ಕೋಣೆಯ ಗಾಜಿನ ತೊಟ್ಟಿಯಲ್ಲಿ ಅವನ ಬಲಗೈ ಮೊಣಕೈವರೆಗೆ ಮುಳುಗಿತ್ತು.

ಅದು ಅವಳ ಜೀವದಂಥ ತೊಟ್ಟಿ. ಕಡಲ ಬಂಡೆಯಿಂದ ತಂದ ಕಲ್ಲುಗಳು, ಹೂವಿನಂತೆ ಅರಳುವ ಜೀವಗಳು, ಎರಡು ಪುಟ್ಟ ಮೀನುಗಳು. ವಾರಕ್ಕೆರಡು ಸಲ ಮೂಲ್ಕಿಯ ಬಸ್ಸಿನಲ್ಲಿ ಭೋಜ ಉಪ್ಪಿನಕಾಯಿ ಭರಣಿಯಲ್ಲಿ ಕಡಲ ನೀರು ತರುತ್ತಿದ್ದ.

ಆದರೆ ಈಚೆಗೆ ಕಲ್ಲಿನ ಸಂದಿಯಲ್ಲೊಂದು ಹುಳ ಕಂಡಿತ್ತು. ಮಕ್ಕಳ ಹೊಟ್ಟೆಗೆ ಹೋದೀತೆಂದು ಅವರ ಮನೆಯವರು ದೂರಿದ್ದರು. "ಮುಂದಿನ ಶನಿವಾರದೊಳಗೆ ಅದು ಎಂಥ ಹುಳ ಅಂತ ಹೇಳಿ. ಇಲ್ಲವಾದರೆ ತೊಟ್ಟಿ ಖಾಲಿ ಮಾಡಿ" ಎಂದಿದ್ದರು ಹೆಡ್ಮಾಸ್ಟ್ರು.

ಈಗ ನೋಡಿದರೆ ಕಲ್ಲು ಕದಲಿದೆ. ಭೋಜನ ಮುಷ್ಟಿ ಬಿಗಿದಿದೆ.

"ಗಾಳಕ್ಕೆ ಹುಳ ಬೇಕಿತ್ತಾ?" ಅವನಿಗೆ ಗಾಳದ ಮರುಳು ಎಂದು ಊರಿಗೇ ಗೊತ್ತು.

"ಅಲ್ಲ ಟೀಚರೇ... ಕಲ್ಲು ಜಾರಿ ಮೀನು ಅದರಡಿ ಸಿಕ್ಕಿಬಿದ್ದಿತ್ತು..."

"ಸಾಕು. ಹೋಗಿ."

ಅವನು ಮುಷ್ಟಿ ಬಿಚ್ಚಲಿಲ್ಲ. ಎಡಗೈಯಲ್ಲಿ ಖಾಲಿ ಭರಣಿ ಎತ್ತಿಕೊಂಡು ಹೊರಟುಹೋದ.

ಬುಧವಾರ ಭರಣಿ ಹೊತ್ತು ಬಂದವನು ಬೇರೆ ಕಂಡಕ್ಟರ್, ಸಂಕಪ್ಪ.

"ಭೋಜ ರಜೆ ಟೀಚರೇ. ಕೈ ಊದಿ ಟಿಕೇಟು ಹರಿಯಲಿಕ್ಕೂ ಆಗುವುದಿಲ್ಲ. ಕಂಬಳಿಹುಳ ಮುಟ್ಟಿದ್ದಂತೆ. ಇದು ಹೊಳೆಬದಿಯ ನೀರು, ಆಗ್ತದಲ್ಲ? ಅವನ ಹಾಗೆ ಊಟ ಬಿಟ್ಟು ಕಡಲವರೆಗೆ ನಡೆಯಲಿಕ್ಕೆ ನನಗೇನು ಮರುಳಾ?"

ಊಟ ಬಿಟ್ಟು... ಪ್ರತಿ ಸಲವೂ?

ಉಪ್ಪು ಸಾಲದ ಆ ನೀರನ್ನು ಶಶಿಪ್ರಭಾ ತೊಟ್ಟಿಗೆ ಸುರಿಯಲಿಲ್ಲ. ತೊಟ್ಟಿಗೆ ಗೋಣಿಚೀಲ ಹೊದಿಸಿ ಕತ್ತಲೆ ಮಾಡಿದಳು. ಕಲ್ಲಿನ ಬಳಿ ಒಂದು ಚೂರು ಒಣಸಿಗಡಿ ಇಳಿಬಿಟ್ಟಳು. ಒಂದು ತಾಸು ಕಳೆದು ಮೆಲ್ಲಗೆ ಗೋಣಿ ಸರಿಸಿದರೆ, ಹುಳ ಅಲ್ಲೇ ಇತ್ತು. ನಸುಗೆಂಪು ಮೈ, ಎರಡೂ ಬದಿಗೆ ಬಿಳಿಯ ಕುಚ್ಚುಗಳು. ಬೆಳಕು ಬಿದ್ದದ್ದೇ ತಡ, ಸಂದಿಯೊಳಗೆ ಜಾರಿತು.

ಹಾಗಾದರೆ ಆ ಮುಷ್ಟಿಯಲ್ಲಿದ್ದದ್ದು?

ಮರುದಿನ ಶಾಲೆ ಬಿಟ್ಟೊಡನೆ ಅವಳು ಭೂತಗನ್ನಡಿ ಹಿಡಿದು ಮಿಜಾರಿನ ಭೋಜನ ಮನೆಗೆ ಹೋದಳು. ಅಂಗಳದಲ್ಲಿ ಭೋಜನ ತಾಯಿ ಸರಸ ಎಳೆಹಲಸು ಹೆಚ್ಚುತ್ತಿದ್ದರು.

"ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು ಮಗಾ. ಎಂಥ ಕಂಬಳಿಹುಳವೋ, ಕಡಿಮೆಯೇ ಆಗುವುದಿಲ್ಲ."

"ತಿಕ್ಕಿದರೆ ಇನ್ನೂ ಒಳಗೆ ಹೋಗ್ತದಮ್ಮ."

ಜಗಲಿಯಲ್ಲಿ ಕೂತಿದ್ದ ಭೋಜನ ಕೈಯನ್ನು ಅವಳು ಕೇಳದೆಯೇ ಎಳೆದುಕೊಂಡಳು. ಭೂತಗನ್ನಡಿಯಲ್ಲಿ ಕಂಡದ್ದು ತೊಟ್ಟಿಯ ಹುಳದ ಕುಚ್ಚುಗಳೇ: ಗಾಜಿನ ಚೂರಿನಂಥ ಬಿಳಿ ಮುಳ್ಳುಗಳು, ಕೂದಲಿಗಿಂತ ಸಣ್ಣವು.

"ಕಂಬಳಿಹುಳ ಅಂತ ಸುಳ್ಳು ಯಾಕೆ ಹೇಳಿದಿರಿ?"

"ತೊಟ್ಟಿಯ ಹುಳ ಅಂತ ಹೇಳಿದ್ದರೆ ಅವತ್ತೇ ಖಾಲಿ ಮಾಡಿಸ್ತಿದ್ದರು."

ಅವಳು ಹಲಸಿನ ಮೇಣ ತೆಗೆದು ಅವನ ಬೆರಳಿಗೆ ಮೆತ್ತಿದಳು. ಗಟ್ಟಿಯಾದ ಮೇಲೆ ಸರಕ್ಕನೆ ಕಿತ್ತಳು.

"ಅಬ್ಬಾ... ಸಿಟ್ಟು ಇನ್ನೂ ಉಂಟಾ ಟೀಚರೇ?"

"ಉಂಟು. ನನ್ನ ಮೇಲೆ."

ಮುಳ್ಳು ಕೂತ ಮೇಣವನ್ನು ಅವಳು ಬಾಳೆಎಲೆಯಲ್ಲಿ ಸುತ್ತಿಕೊಂಡಳು. ಶನಿವಾರ ಸೂಕ್ಷ್ಮದರ್ಶಕದಡಿ ಅದನ್ನಿಟ್ಟು ಹೆಡ್ಮಾಸ್ಟ್ರಿಗೆ ತೋರಿಸಿದಳು. "ಮುಳ್ಳುಹುಳ ಸರ್. ಎರೆಹುಳದ ಕಡಲಿನ ನೆಂಟ. ಹೊಟ್ಟೆಯ ಹುಳ ಅಲ್ಲ. ಕೊಳೆತದ್ದನ್ನು ತಿಂದು ತೊಟ್ಟಿ ಗುಡಿಸ್ತದೆ."

"ಹಾಗಾದರೆ ಇರಲಿ. ಯಾರೂ ಕೈ ಹಾಕಬಾರದು ಅಷ್ಟೆ" ಎಂದರು ಅವರು.

ಮುಂದಿನ ಬುಧವಾರ ಬಾಗಿಲಲ್ಲಿ ಭರಣಿ ಹಿಡಿದು ನಿಂತವನು ಭೋಜ. ಊತ ಇಳಿದಿತ್ತು.

"ಇವತ್ತೂ ಊಟ ಬಿಟ್ಟದ್ದಾ?"

"ನೀವು ಕೇಳಿದ್ದು ಕಡಲ ನೀರಲ್ಲವಾ?" ಅವನು ನೆಲ ನೋಡಿದ. "ನೀವು ಮುಚ್ಚಳ ತೆಗೆದು ನೋಡುವಾಗ ಒಂದು ನಗೆ ಬರ್ತದೆ ಟೀಚರೇ. ಅದಕ್ಕೆ ನಡೆಯುವುದು."

ಅವಳು ಮುಚ್ಚಳ ತೆಗೆದಳು. ನಗಬಾರದೆಂದುಕೊಂಡರೂ ನಗು ಬಂತು.

"ಇನ್ನು ಊಟ ಬಿಡುವುದು ಬೇಡ. ಭಾನುವಾರ ಒಟ್ಟಿಗೇ ಹೋಗುವ. ಬುತ್ತಿ ನಾನು ತರ್ತೇನೆ."

"ಇಬ್ಬರೇ ಹೋದರೆ ಜನ..."

"ನಿಮ್ಮ ಅಮ್ಮನನ್ನು ಕರಕೊಂಡು ಬನ್ನಿ. ಬಂಟ್ವಾಳದಿಂದ ನನ್ನ ಅಪ್ಪ ಬರ್ತಾರೆ."

ಭೋಜನಿಗೆ ಅರ್ಥವಾಗಲಿಲ್ಲ. "ಅವರು ಯಾಕೆ, ಕಡಲು ನೋಡಲಿಕ್ಕಾ?"

"ಕಡಲು ಅವರು ನೋಡಿದ್ದಾರೆ, ಭೋಜರೇ," ಅವಳು ತೊಟ್ಟಿಯತ್ತ ತಿರುಗಿಕೊಂಡಳು. "ನಿಮ್ಮನ್ನು ನೋಡಿಲ್ಲ."