ಕವುಚಿಟ್ಟ ಕವಡೆ

ಬಹಳ ಬಹಳ ಹಿಂದೆ, ಹೊನ್ನವತಿ ಎಂಬ ರಾಜ್ಯದ ನಕ್ಷೆಯಲ್ಲಿ, ನೆಲವೆಲ್ಲ ಮುಗಿದು ನೀಲಿ ಬಣ್ಣವಷ್ಟೇ ಉಳಿದ ಮೂಲೆಯಲ್ಲಿ, ನೊಣ ಕೂತು ಎದ್ದುಹೋದಂಥ ಒಂದು ಚುಕ್ಕೆ ಇತ್ತು. ಆ ಚುಕ್ಕೆಯ ಹೆಸರು ಬೆಳ್ದಿಣ್ಣೆ. ರಾಜ ಅದನ್ನು ಕಣ್ಣಾರೆ ನೋಡಿರಲಿಲ್ಲ. ಅವನ ಅಪ್ಪನೂ ನೋಡಿರಲಿಲ್ಲ, ಅಜ್ಜನೂ ನೋಡಿರಲಿಲ್ಲ. ಆದರೂ ಅದು ಅವರದೇ ಆಗಿತ್ತು. ರಾಜರಿಗೆ ಇಂಥದ್ದೆಲ್ಲ ಸಲೀಸು.

ಬೆಳ್ದಿಣ್ಣೆ ಒಂದು ಪುಟ್ಟ ದ್ವೀಪ. ಈ ತುದಿಯಿಂದ ಆ ತುದಿಗೆ ನಡೆಯಲು ಒಂದು ಮಡಕೆ ಅನ್ನ ಬೇಯುವಷ್ಟು ಹೊತ್ತು ಸಾಕು. ಬೆಟ್ಟವಿಲ್ಲ, ಹೊಳೆಯಿಲ್ಲ. ಬಿಳಿ ಮರಳು, ಮುನ್ನೂರು ತೆಂಗಿನ ಮರ, ಕೇದಗೆಯ ಪೊದೆ, ನಲವತ್ತು ಮನೆ. ಸುತ್ತಲೂ ಬಳೆ ತೊಡಿಸಿದ ಹಾಗೆ ಹವಳದ ಬಂಡೆಸಾಲು. ಬಂಡೆಸಾಲಿನ ಒಳಗೆ ನೀರು ಹಸಿರು, ಸೊಂಟದ ಮಟ್ಟ. ಹೊರಗೆ ಕಪ್ಪುನೀಲಿ, ಆಳ ಎಷ್ಟೆಂದು ಯಾರಿಗೂ ತಿಳಿಯದು. ದೋಣಿ ಹೊರಗೆ ಹೋಗಲು ಒಂದೇ ಒಂದು ಕಿಂಡಿ. ದ್ವೀಪದ ನಟ್ಟನಡುವೆ ಒಂದು ಬಾವಿ. ಅಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ಮರಳಿನಡಿಯಲ್ಲಿ ತೆಳ್ಳಗೆ ತೇಲುತ್ತಿತ್ತು, ಹಾಲಿನ ಮೇಲಿನ ಕೆನೆಯಂತೆ. ಆ ಕೆನೆಯೇ ಅವರ ಪ್ರಾಣ.

ರಾಜನ ಕಡೆಯಿಂದ ವರ್ಷಕ್ಕೊಮ್ಮೆ ಒಬ್ಬ ಪಾರುಪತ್ಯಗಾರ ಹಡಗಿನಲ್ಲಿ ಬರುತ್ತಿದ್ದ. ಎಂಟು ದಿನ ಇರುತ್ತಿದ್ದ. ಅದರಲ್ಲಿ ನಾಲ್ಕು ದಿನ ಹಡಗಿನ ತಲೆಸುತ್ತಿನಿಂದ ಮಲಗಿರುತ್ತಿದ್ದ. ಉಳಿದ ನಾಲ್ಕು ದಿನ ಎಳನೀರು ಕುಡಿದು, 'ಎಲ್ಲ ಕ್ಷೇಮ' ಎಂದು ಓಲೆ ಬರೆದು, ಕೊಬ್ಬರಿಯ ಮೂಟೆ ಹೇರಿಕೊಂಡು ಹೊರಡುತ್ತಿದ್ದ. ಉಳಿದ ಆಡಳಿತವೆಲ್ಲ ದ್ವೀಪದವರದೇ. ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು ಕವಡೆ. ಕೂಟ ಸೇರಿದಾಗ ದೊಡ್ಡ ಆಮೆಚಿಪ್ಪಿನೊಳಗೆ ತಮ್ಮ ಕವಡೆ ಇಡಬೇಕು. ಅಂಗಾತ ಇಟ್ಟರೆ ಹೂಂ, ಕವುಚಿ ಇಟ್ಟರೆ ಉಹೂಂ. ಯಾವ ಕಡೆ ಹೆಚ್ಚೋ ಆ ಕಡೆ ತೀರ್ಮಾನ. ಇಟ್ಟ ಕವಡೆಯನ್ನು ಇಟ್ಟ ಕೈಯೇ ತಿರುಗಿಸಬಹುದು, ಬೇರೆ ಯಾರೂ ಮುಟ್ಟುವಂತಿಲ್ಲ.

ಮೀನಿಗೆ ಹೋಗುವವರು ತಮ್ಮ ಕವಡೆಯನ್ನು ಮನೆಯ ಹೆಂಗಸರ ಕೈಗೆ ಕೊಟ್ಟು ಹೋಗುತ್ತಿದ್ದರು. ಅವರ ಪರವಾಗಿ ಇವರೇ ಇಡಬೇಕು. ಆದರೆ ಒಂದು ಕಟ್ಟುಪಾಡಿತ್ತು. ಬಂಡೆಸಾಲು ದಾಟಿದವನ ಕವಡೆಯನ್ನು ಕವುಚಿಟ್ಟರೆ ಅವನ ದೋಣಿಯೂ ಕವುಚುತ್ತದೆ. ಆದ್ದರಿಂದ ಕಡಲಿನಲ್ಲಿರುವವನ ಕವಡೆ ಯಾವಾಗಲೂ ಅಂಗಾತ. ಕಡಲಿನಲ್ಲಿರುವವನು ಎಲ್ಲದಕ್ಕೂ ಹೂಂ ಅನ್ನುವವನು. ಮೂರ್ಖರು ಎಂದು ನಗಬೇಡಿ. ನಿಮ್ಮ ಮಗ ಆ ಕಪ್ಪುನೀಲಿಯಲ್ಲಿದ್ದರೆ ನೀವು ಹೇಗೆ ಇಡುತ್ತಿದ್ದಿರೋ, ನೋಡೋಣ. ಎಲ್ಲರೂ ದಡದಲ್ಲಿದ್ದಾಗಲೇ ಕೂಟ ಸೇರಬಹುದಿತ್ತಲ್ಲ ಎಂದು ಕೇಳಿದರೆ ಮಾತ್ರ ಅದಕ್ಕೆ ಉತ್ತರವಿಲ್ಲ. ಅವರಿಗೆ ಅದು ಹೊಳೆದಿರಲಿಲ್ಲ.

ಆ ದ್ವೀಪದಲ್ಲಿ ಹವಳಿ ಎಂಬ ಹುಡುಗಿ ಇದ್ದಳು. ಅಪ್ಪ ಅಮ್ಮ ತೀರಿಕೊಂಡಿದ್ದರು. ಮನೆಯಲ್ಲಿ ಅವಳು, ಅವಳ ಅಣ್ಣ ಬೊಮ್ಮ, ಇಬ್ಬರೇ. ಮಳೆ ಕಳೆದು ದೊಡ್ಡ ಮೀನಿನ ಕಾಲ ಬಂದಾಗ ಹವಳಿ ನಲವತ್ತು ದಿನ ಕೂತು, ಕೇದಗೆಯ ಎಲೆ ಸೀಳಿ, ಅಣ್ಣನ ದೋಣಿಗೆ ಹಾಯಿಚಾಪೆ ಹೆಣೆದಳು. ಬೆರಳೆಲ್ಲ ಮುಳ್ಳಿನ ಗೀರು.

"ಹೆಂಗಿದೆ ಅಣ್ಣಾ?" ಎಂದು ಕೇಳಿದಳು.

ಬೊಮ್ಮ ಚಾಪೆಯನ್ನು ಬೆಳಕಿಗೆ ಹಿಡಿದು ನೋಡಿದ. "ಚೆನ್ನಾಗಿದೆ. ಅಮ್ಮ ಹೆಣೀತಿದ್ದ ಹಾಗಿಲ್ಲ, ಆದ್ರೂ ಚೆನ್ನಾಗಿದೆ."

ಅಷ್ಟೇ ಅವನು ಹೇಳಿದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದೂ ಅಲ್ಲ. ಆದರೆ ಹವಳಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಗ್ಗೆ ಎಲ್ಲ ದೋಣಿಗಳು ಹೊರಟಾಗ ಅವಳು ದಡಕ್ಕೆ ಹೋಗಲಿಲ್ಲ, ಬುತ್ತಿ ಕಟ್ಟಲಿಲ್ಲ. ಬೊಮ್ಮ ತಾನೇ ಬುತ್ತಿ ಕಟ್ಟಿ, ತಾನೇ ಹಾಯಿ ಬಿಗಿದು, ತಂಗಿಯ ಮುಂದೆ ಕವಡೆ ಇಟ್ಟು, "ಬರ್ತೀನಿ" ಅಂದ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಎಲ್ಲರೂ ಹೋದ ಮೇಲೆ ಅವನ ಪುಟ್ಟ ದೋಣಿ ಒಂದೇ ಹೊರಟಿತು.

ಆ ವರ್ಷ ಬಂದ ಪಾರುಪತ್ಯಗಾರನಿಗೆ ತಲೆಸುತ್ತು ಬಂದಿರಲಿಲ್ಲ. ಅವನ ಹೆಸರು ಕರಂಡಕ. ಅವನೊಬ್ಬ ಮಂತ್ರವಾದಿ. ಅವನ ಮಂತ್ರಕ್ಕೆ ಒಂದು ಮಿತಿಯಿತ್ತು: ಜನ ತಾವಾಗಿ ಕೊಟ್ಟದ್ದನ್ನು ಮಾತ್ರ ಅವನು ತೆಗೆದುಕೊಳ್ಳಬಲ್ಲ. ಅದಕ್ಕೇ ಅವನಿಗೆ ಕಾಯಿದೆ ಕಟ್ಟಳೆ ಎಂದರೆ ಬಲು ಪ್ರೀತಿ. ದೋಣಿಗಳು ಹೊರಟದ್ದೇ ತಡ, ಬಾವಿಯ ಬಳಿ ಕೂಟ ಕರೆಸಿದ.

"ಈ ಬಾವಿಯ ಯಜಮಾನಿಕೆಯನ್ನು ನನಗೆ ಒಪ್ಪಿಸಿರಿ. ಕ್ಷೇಮವಾಗಿ ಕಾಯುವೆನು" ಎಂದ.

ದ್ವೀಪದ ಹಿರಿಯಳು ಚಿಪ್ಪಜ್ಜಿ. "ಗಂಡಸರು ಬರಲಿ ಸ್ವಾಮಿ, ಮೂರು ತಿಂಗಳು" ಅಂದಳು.

"ಬಂಡೆಸಾಲು ದಾಟಿದವರ ಕವಡೆಯೂ ಕವಡೆಯೇ ಎಂದು ನಿಮ್ಮ ಕಟ್ಟಳೆಯೇ ಹೇಳುವುದಲ್ಲವೇ?"

ಹೇಳುತ್ತಿತ್ತು, ನಿಜ. ದಡದಲ್ಲಿದ್ದವರು ನಲವತ್ತೈದು ಜನ. ನಲವತ್ತೈದು ಜನರೂ ತಮ್ಮ ಕವಡೆ ಕವುಚಿಟ್ಟರು. ಒಬ್ಬರೂ ಹೂಂ ಅನ್ನಲಿಲ್ಲ. ಕರಂಡಕ ನಕ್ಕ. "ಇನ್ನು ಕಡಲಿಗೆ ಹೋದವರದು" ಅಂದ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಗಂಡನದು, ಮಗನದು, ತಮ್ಮನದು ಎಂದು ಅಂಗಾತ ಇಡುತ್ತ ಬಂದರು. ಬೇರೆ ಹೇಗೆ ಇಡಲು ಸಾಧ್ಯ? ಅವೂ ನಲವತ್ತೈದಾದವು. ಉಳಿದದ್ದು ಬೊಮ್ಮನದು ಒಂದು.

ಕೂಟದಲ್ಲಿ ಎಲ್ಲರೂ ಬಾವಿಗೆ ಮುಖ ಮಾಡಿ, ಕಡಲಿಗೆ ಬೆನ್ನು ಮಾಡಿ ಕೂರುವುದು ರೂಢಿ. ಕವಡೆ ಇಡಲು ಎದ್ದು ಬಂದವರಿಗೆ ಮಾತ್ರ ಕಡಲು ಕಾಣುತ್ತದೆ. ಅವತ್ತು ಉಳಿದವರು ಯಾರೂ ತಾವಿಡುವ ಕವಡೆಯಿಂದ ಕಣ್ಣೆತ್ತಿರಲಿಲ್ಲ.

"ನಿಮ್ಮಣ್ಣ ತಡವಾಗಿ ಹೊರಟನಲ್ಲ. ದಾಟಿದನೇನೇ ಮಗಾ?" ಎಂದು ಚಿಪ್ಪಜ್ಜಿ ಕೇಳಿದಳು. "ದಾಟಿರದಿದ್ರೆ ಶಂಖ ಊದಿ ಕರಿ. ಅವನೇ ಬಂದು ಇಡಲಿ."

ಹವಳಿ ಆಮೆಚಿಪ್ಪಿನ ಬಳಿ ಬಂದು ತಲೆಯೆತ್ತಿದಳು. ಬೊಮ್ಮನ ಹಾಯಿ ಹಸಿರು ನೀರಿನಲ್ಲೇ ಇತ್ತು. ಕಿಂಡಿಗೆ ಇನ್ನೂ ಹತ್ತು ಮಾರು. ಗಾಳಿ ಇರಲಿಲ್ಲ, ಶಂಖ ಕೂಡ ಬೇಕಿರಲಿಲ್ಲ, ಒಂದು ಕೂಗು ಸಾಕಿತ್ತು. ಕೂಗಿದರೆ ಅವನು ನಗುತ್ತ ಬರುತ್ತಾನೆ, ನಾನಿಲ್ಲದೆ ನಿಂಗೆ ಆಗಲ್ಲ ಅಲ್ವಾ ಅನ್ನುತ್ತಾನೆ. ಅವಳು ಕಡಲಿನಿಂದ ಮುಖ ತಿರುಗಿಸಿದಳು.

"ದಾಟಿದ" ಅಂದಳು. ಕವಡೆ ಅಂಗಾತ ಇಟ್ಟಳು.

ಕರಂಡಕ ಬಾವಿಯೊಳಗೆ ಕೋಲು ಅದ್ದಿದ. ದ್ವೀಪದಡಿಯ ಸಿಹಿನೀರೆಲ್ಲ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಅವನ ತಾಮ್ರದ ಗಿಂಡಿಯೊಳಗೆ ಹೋಯಿತು. ಬಾವಿಯಲ್ಲಿ ಉಪ್ಪು ಉಳಿಯಿತು, ಮರದ ಮೇಲಿನ ಎಳನೀರೂ ಉಪ್ಪಾಯಿತು. ಆಮೆಚಿಪ್ಪನ್ನು ಇಟ್ಟ ಕವಡೆಗಳ ಸಮೇತ ಹಸಿರು ನೀರಿನ ನಡುವಿನ ಒಂದು ಮರಳುದಿಬ್ಬಕ್ಕೆ ಒಯ್ದಿಟ್ಟು, ಮೂರು ಮಾಯಾಪ್ರಾಣಿಗಳನ್ನು ಕಾವಲಿಗೆ ಬಿಟ್ಟ. ಆಮೇಲೆ ಕೂತು ವ್ಯಾಪಾರ ಶುರು ಮಾಡಿದ. ದಿನಕ್ಕೆ ಮನೆಗೊಂದು ಬೋಗುಣಿ ನೀರು. ಬೋಗುಣಿಗೊಂದು ತೆಂಗಿನ ಮರದ ನೆರಳು. ಹೊನ್ನವತಿಯಲ್ಲಿ ಬಿಸಿಲು ಜಾಸ್ತಿಯಂತೆ, ಅಲ್ಲಿ ನೆರಳಿನ ಅರಮನೆ ಕಟ್ಟಿಸುವ ಆಸೆ ಅವನಿಗೆ. ಜನ ಕೊಟ್ಟರು. ಅವನು ನೆರಳನ್ನು ಮಡಿಸಿ ಚೀಲಕ್ಕೆ ತುಂಬಿಕೊಂಡ.

ಎಂಟು ದಿನಕ್ಕೆ ಮುನ್ನೂರು ನೆರಳು ಮುಗಿದವು. ನಡುಹಗಲಿನಲ್ಲಿ ಮರಳು ಹೆಂಚಿನಂತೆ ಕಾದಿತ್ತು, ನಿಲ್ಲಲು ಜಾಗವಿರಲಿಲ್ಲ. "ಇನ್ನು ನಿಮ್ಮ ನೆರಳು" ಎಂದ ಕರಂಡಕ. ನೆರಳು ಕೊಟ್ಟು ಮಲಗಿದವರು ಏಳಲಿಲ್ಲ. ಉಸಿರಾಡುತ್ತಿದ್ದರು, ಅಷ್ಟೇ.

ಪಕ್ಕದ ಮನೆಯ ಕೂಸು ಬಾಯಾರಿ ಅಳುವುದನ್ನೂ ನಿಲ್ಲಿಸಿತ್ತು. ಚಿಪ್ಪಜ್ಜಿ ತನ್ನ ನೆರಳು ಕೊಡಲು ಎದ್ದಳು. ಹೋಗುವಾಗ ಹವಳಿಯ ಬಳಿ ನಿಂತು ಹೇಳಿದಳು: "ಒಂದು ಕವಡೆ ಮಗಾ. ಯಾರದ್ದಾದ್ರೂ ಒಂದು ಕವಡೆ ತಿರುಗಿದ್ರೆ ಸಾಕು, ತೀರ್ಮಾನ ಬದಲಾಗತ್ತೆ. ಅಲ್ಲಿ ನಾನಿಟ್ಟದ್ದೂ ಎರಡಿವೆ, ಮೊಮ್ಮಕ್ಕಳದು. ನನ್ನ ಕೈಲಿ ಆಗಲ್ಲ. ನೀನು ಮಾಡು ಅಂತ ಯಾರಿಗೂ ಹೇಳೋಕೂ ಆಗಲ್ಲ."

ಅಜ್ಜಿ ಮಲಗಿದಳು. ಹವಳಿ ಹಸಿರು ನೀರಿಗೆ ಇಳಿದಳು.

ಮರಳುದಿಬ್ಬದ ಅಂಚಿನಲ್ಲಿ ಮನೆಯ ಸೂರಿನಷ್ಟು ದೊಡ್ಡ ಏಡಿ ಕೂತಿತ್ತು. "ಯಾರ ತಪ್ಪಿಗಾಗಿ ಬಂದೆ?" ಎಂದು ಕೇಳಿತು.

"ಕರಂಡಕನ ತಪ್ಪಿಗೆ" ಅಂದಳು ಹವಳಿ. ಏಡಿ ಇನ್ನೂ ಒಂದು ಮಾರು ಬೆಳೆಯಿತು.

"ಕಟ್ಟುಪಾಡಿನ ತಪ್ಪಿಗೆ." ಏಡಿ ಮತ್ತೂ ಬೆಳೆಯಿತು. ಅದರ ಇಕ್ಕಳ ಅವಳ ಕತ್ತಿನ ಎರಡೂ ಕಡೆ ಬಂದು ನಿಂತಿತು.

ಹವಳಿ ಕಣ್ಣು ಮುಚ್ಚಿದಳು. "ನನ್ನ ತಪ್ಪಿಗೆ."

ಕಣ್ಣು ಬಿಟ್ಟಾಗ ಅಂಗೈಯಷ್ಟಗಲದ ಒಂದು ಏಡಿ ಅಡ್ಡಡ್ಡ ಓಡಿ ಬಿಲ ಸೇರುತ್ತಿತ್ತು.

ಇನ್ನಷ್ಟು ಮುಂದೆ ಒಂದು ಕರಿಯ ಹಕ್ಕಿ ನಿಂತಿತ್ತು. ರೆಕ್ಕೆ ಬಿಚ್ಚಿದರೆ ಸೂರ್ಯ ಮುಚ್ಚಿಹೋಗುವಷ್ಟು ದೊಡ್ಡದು. "ಏನು ತಪ್ಪು ಮಾಡಿದೆ?"

"ಅಣ್ಣನ ಕವಡೆ ಅಂಗಾತ ಇಟ್ಟೆ."

"ಅದನ್ನು ಎಲ್ಲರೂ ಮಾಡಿದರು. ನೀನೇನು ಮಾಡಿದೆ?" ಹಕ್ಕಿಯ ಕೊಕ್ಕು ಅವಳ ಹಣೆಗೆ ತಾಗಿತು, ರಕ್ತ ಬಂತು.

"ಅವನಿನ್ನೂ ದಾಟಿರಲಿಲ್ಲ. ಕಾಣ್ತಿದ್ದ. ನಾನು ದಾಟಿದ ಅಂದೆ." ಈ ಮಾತನ್ನು ಅವಳು ಆವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಜೋರಾಗಿ ಅತ್ತಳು. ಅವಳ ಅಳು ನಿಲ್ಲುವ ಹೊತ್ತಿಗೆ ಹಕ್ಕಿ ಗುಬ್ಬಿಯಷ್ಟಾಗಿ ಹಾರಿಹೋಗಿತ್ತು.

ಮೂರನೆಯದು ಹಾವುಮೀನು. ಆಮೆಚಿಪ್ಪಿಗೆ ಏಳು ಸುತ್ತು ಸುತ್ತಿಕೊಂಡು ಮಲಗಿತ್ತು. ಅದು ಗದರಲಿಲ್ಲ. ಹೆದರಿಸಲಿಲ್ಲ. ಮೆತ್ತಗೆ ಕೇಳಿತು: "ತಿರುಗಿಸಿದರೆ ಏನಾಗುತ್ತದೆ, ಗೊತ್ತೇ?"

"ಗೊತ್ತು."

"ಅವನು ಈಗ ಬಂಡೆಸಾಲಿನಿಂದ ಎಂಟು ದಿನದ ದೂರದಲ್ಲಿದ್ದಾನೆ. ನಾಳೆ ಬೇರೆ ಯಾರಾದರೂ ಬರಬಹುದು, ತಮ್ಮದೊಂದನ್ನು ತಿರುಗಿಸಬಹುದು. ಒಂದು ದಿನ ಕಾಯಬಾರದೇ?"

ಹವಳಿ ಮರಳಿನ ಮೇಲೆ ಕುಸಿದು ಕೂತಳು. ಬಹಳ ಹೊತ್ತು ಕೂತಿದ್ದಳು. ನಾನು ಕತೆ ಹೇಳುವವನು, ಅವಳನ್ನು ಬೇಗ ಎಬ್ಬಿಸುವುದು ನನ್ನ ಕೆಲಸ. ಆದರೆ ಮನಸ್ಸು ಬರುವುದಿಲ್ಲ. ಕೂರಲಿ. ಆ ಹೊತ್ತಿನಲ್ಲಿ ಅವಳಿಗೆ ಅಣ್ಣ ಇನ್ನೂ ಇದ್ದ.

ಕೊನೆಗೆ ಅವಳು, "ನಾಳೆ ಬರೋಳಿಗೂ ಒಬ್ಬ ಅಣ್ಣ ಇರ್ತಾನಲ್ಲ" ಅಂದಳು.

ಹಾವುಮೀನು ಒಂದೊಂದೇ ಸುತ್ತು ಬಿಚ್ಚಿಕೊಂಡು ನೀರಿಗೆ ಜಾರಿತು.

ಹವಳಿ ಕಡಲಿಗೆ ತಿರುಗಿ ನಿಂತಳು. "ಅಣ್ಣಾ!" ಎಂದು ಕೂಗಿದಳು. ಶಕ್ತಿಯಿದ್ದಷ್ಟೂ ಕೂಗಿದಳು. ಹಾಯಿಯೊಂದೂ ಕಾಣಲಿಲ್ಲ. ಆಮೇಲೆ ಬಾಗಿ ಬೊಮ್ಮನ ಕವಡೆಯನ್ನು ಕವುಚಿಟ್ಟಳು.

ಗಿಂಡಿ ಒಡೆಯಿತು. ಸಿಹಿನೀರು ಭೋರೆಂದು ನುಗ್ಗಿ ಕರಂಡಕನನ್ನು ಎತ್ತಿಕೊಂಡು ಬಂಡೆಸಾಲಿನಾಚೆ ಎಸೆದು, ತಿರುಗಿ ಬಂದು ಮರಳಿನಡಿ ಸೇರಿಕೊಂಡಿತು. ಅವನನ್ನು ಮತ್ತೆ ಯಾರೂ ನೋಡಲಿಲ್ಲ. ಚೀಲ ಬಿಚ್ಚಿತು. ಮುನ್ನೂರು ನೆರಳುಗಳು ಓಡಿಬಂದು ತಮ್ಮ ತಮ್ಮ ಮರದ ಕಾಲಿಗೆ ಅಂಟಿಕೊಂಡವು. ಮನುಷ್ಯರ ನೆರಳುಗಳೂ ಮರಳಿದವು, ಮಲಗಿದವರು ಎದ್ದು ಕೂತರು. ಪಕ್ಕದ ಮನೆಯ ಕೂಸು ನೀರು ಕುಡಿದು ಅಳಲು ಶುರು ಮಾಡಿತು. ಆ ಅಳು ಕೇಳಿ ಊರೆಲ್ಲ ನಕ್ಕಿತು.

ಮೂರು ತಿಂಗಳ ಮೇಲೆ ದೋಣಿಗಳು ಬಂದವು. ನಲವತ್ತೈದು ಜನರೂ ಇಳಿದರು. ಬೊಮ್ಮ ಇಳಿಯಲಿಲ್ಲ. ಅವರು ಹೇಳಿದ್ದಿಷ್ಟು: ಹೊರಟು ಎಂಟು ದಿನವಾಗಿತ್ತು, ಗಾಳಿಯಿರಲಿಲ್ಲ, ಕಡಲು ಎಣ್ಣೆಯಂತಿತ್ತು. ಬೊಮ್ಮ ಪಕ್ಕದ ದೋಣಿಯವರಿಗೆ ಏನೋ ಹೇಳುತ್ತ ನಗುತ್ತಿದ್ದ. ಥಟ್ಟನೆ ಮಾತು ನಿಲ್ಲಿಸಿ, ಯಾರೋ ಕರೆದರು ಅನ್ನುವ ಹಾಗೆ ಬೆಳ್ದಿಣ್ಣೆಯ ದಿಕ್ಕಿಗೆ ತಿರುಗಿದ. ಆಗಲೇ ಅವನ ದೋಣಿ ಕವುಚಿತು.

ಊರಿನ ಹೆಂಗಸರು ಒಬ್ಬೊಬ್ಬರಾಗಿ ಹವಳಿಯ ಮನೆಗೆ ಬಂದರು. ಮೀನಿನ ಸಾರು ತಂದರು, ಬೆಲ್ಲ ತಂದರು. ಅವಳ ಮುಖ ನೋಡಲು ಮಾತ್ರ ಯಾರಿಗೂ ಆಗಲಿಲ್ಲ. ತಮ್ಮವರು ಮನೆಯಲ್ಲಿ ಊಟಕ್ಕೆ ಕೂತಿರುವಾಗ ಹೇಗೆ ನೋಡುತ್ತಾರೆ? ಚಿಪ್ಪಜ್ಜಿ ಒಬ್ಬಳು ಅವಳ ಕೈ ಹಿಡಿದಳು. "ನಮ್ಮನ್ನೆಲ್ಲ ಉಳಿಸಿದೆಯಲ್ಲೇ ಮಗಾ" ಅಂದಳು.

"ಅವತ್ತು ದಡದಲ್ಲಿ ಕೂಗಿದ್ರೆ ಸಾಕಿತ್ತು ಅಜ್ಜಿ" ಅಂದಳು ಹವಳಿ. "ಯಾರನ್ನೂ ಉಳಿಸೋದೇ ಬೇಕಿರಲಿಲ್ಲ."

ಅವಳು ಎಲ್ಲವನ್ನೂ ಕೂಟದ ಮುಂದೆ ಹೇಳಿದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಬೆಳ್ದಿಣ್ಣೆಯವರು ಅಂದೇ ಕಟ್ಟುಪಾಡು ಬದಲಿಸಿದರು. ಕಡಲಿನಲ್ಲಿರುವವರ ಪರವಾಗಿ ಯಾರೂ ಕವಡೆ ಇಡುವಂತಿಲ್ಲ. ಕೊನೆಯ ದೋಣಿ ದಡಕ್ಕೆ ಬರುವವರೆಗೆ ಕೂಟವಿಲ್ಲ, ರಾಜನೇ ಬಂದು ಕರೆದರೂ ಇಲ್ಲ. ರಾಜ ಬರಲಿಲ್ಲ, ಬಿಡಿ. ಬೇರೊಬ್ಬ ಪಾರುಪತ್ಯಗಾರ ಬಂದ, ನಾಲ್ಕು ದಿನ ಮಲಗಿದ, 'ಎಲ್ಲ ಕ್ಷೇಮ' ಎಂದು ಬರೆದುಕೊಂಡು ಹೋದ.

ಅವನು ಬರೆದದ್ದು ಹೆಚ್ಚುಕಡಿಮೆ ನಿಜ. ಬಾವಿಯ ನೀರು ಸಿಹಿಯಾಗಿತ್ತು, ಮರಗಳಿಗೆ ನೆರಳಿತ್ತು, ಮೂವತ್ತೊಂಬತ್ತು ಮನೆಗಳವರು ನೂರು ಕಾಲ ಸುಖವಾಗಿ ಬಾಳಿದರು. ನಲವತ್ತನೆಯ ಮನೆಯವಳೂ ಸುಖವಾಗಿದ್ದಳು ಎಂದುಬಿಟ್ಟರೆ ಕತೆ ಚೆನ್ನಾಗಿ ಮುಗಿಯುತ್ತದೆ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಅವಳು ಊರಿನವರೆಲ್ಲರ ದೋಣಿಗೆ ಹಾಯಿ ಹೆಣೆದುಕೊಟ್ಟು ಬದುಕಿದಳು. ಯಾರ ದೋಣಿ ಹೊರಟರೂ ದಡಕ್ಕೆ ಬಂದು ನಿಲ್ಲುತ್ತಿದ್ದಳು, ಅದು ಕಿಂಡಿ ದಾಟಿ ಕಾಣದಾಗುವವರೆಗೂ ಅವರ ಹೆಸರು ಹಿಡಿದು ಕೂಗುತ್ತಿದ್ದಳು.